ಎದುರಾಳಿಗಳು ಕೂಡಿ ನಡೆಸುವ ಪ್ರಯೋಗಾಲಯ

ಬೆರಳಚ್ಚು, ಮುಖ, ಕಣ್ಣಿನ ಪಾಪೆ, ಧ್ವನಿ ಮೊದಲಾದ ದೇಹಲಕ್ಷಣಗಳಿಂದ ವ್ಯಕ್ತಿಯನ್ನು ಗುರುತಿಸುವ ವಿದ್ಯೆಗೆ ಬಯೋಮೆಟ್ರಿಕ್ಸ್ ಎಂದು ಹೆಸರು. ಇದರ ಸಂಶೋಧನೆಗೆ ಬೇಕಾದ ದತ್ತಾಂಶವನ್ನು ಜೀವಂತ ಮನುಷ್ಯರಿಂದ, ಅವರ ಒಪ್ಪಿಗೆ ಪಡೆದು, ವರ್ಷಗಟ್ಟಲೆ ಸಂಗ್ರಹಿಸಬೇಕಾಗಿರುವುದರಿಂದಲೂ, ಉಪಕರಣವೊಂದು ಎಲ್ಲಿ ಮೋಸಹೋಗುತ್ತದೆಂಬುದನ್ನು ಅದನ್ನು ಮಾರುವವರು ತಾವಾಗಿಯೇ ಹೊರಗೆಡಹುವುದು ಅಪರೂಪವಾದ್ದರಿಂದಲೂ, ಈ ಕೆಲಸ ಉದ್ಯಮದ ಗೋಡೆಗಳೊಳಗೆ ಮಾತ್ರ ನಡೆದರೆ ಸಾಲದು. ಆದರೆ ವಿಶ್ವವಿದ್ಯಾಲಯಕ್ಕೆ ಹಣವೂ, ಹೊಸ ಉಪಕರಣಗಳೂ, ಬಳಕೆಯಲ್ಲಿ ಎದುರಾಗುವ ನಿಜವಾದ ಸಮಸ್ಯೆಗಳೂ ಉದ್ಯಮದ ಕಡೆಯಿಂದಲೇ ಬರಬೇಕು. ಈ ಪರಸ್ಪರ ಅವಲಂಬನೆಗೆ ಅಮೆರಿಕದಲ್ಲಿ ರೂಪುಗೊಂಡ ಒಂದು ವ್ಯವಸ್ಥೆಯೇ ‘ಸೈಟರ್’ ಎಂಬ ಸಂಕ್ಷಿಪ್ತನಾಮದ ಸೆಂಟರ್ ಫಾರ್ ಐಡೆಂಟಿಫಿಕೇಷನ್ ಟೆಕ್ನಾಲಜಿ ರಿಸರ್ಚ್.

ಈ ಕೇಂದ್ರವು 2001ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಆರಂಭವಾದದ್ದು ಆಕಸ್ಮಿಕವಲ್ಲ. ಅಮೆರಿಕದ ಕೇಂದ್ರೀಯ ತನಿಖಾ ಸಂಸ್ಥೆಯಾದ ಎಫ್‌ಬಿಐ ತನ್ನ ಬೆರಳಚ್ಚು ದಾಖಲೆಗಳ ವಿಭಾಗವನ್ನು 1990ರ ದಶಕದಲ್ಲಿ ಅದೇ ರಾಜ್ಯದ ಕ್ಲಾರ್ಕ್ಸ್‌ಬರ್ಗ್ ಪಟ್ಟಣಕ್ಕೆ ತಂದಿತ್ತು. ಮುಂದೆ ನ್ಯೂಯಾರ್ಕ್ ರಾಜ್ಯದ ಕ್ಲಾರ್ಕ್‌ಸನ್, ಬಫಲೋ ಮೊದಲಾದ ವಿಶ್ವವಿದ್ಯಾಲಯಗಳೂ ಈ ಕೂಟದಲ್ಲಿ ಸೇರಿಕೊಂಡವು, ನಾಯಕತ್ವವೂ ಕ್ಲಾರ್ಕ್‌ಸನ್‌ಗೆ ಹೋಯಿತು.

ಕೇಂದ್ರದ ಚೌಕಟ್ಟು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಉದ್ಯಮ–ವಿಶ್ವವಿದ್ಯಾಲಯ ಸಹಕಾರಿ ಯೋಜನೆಯದು. ಪ್ರತಿಷ್ಠಾನವು ಆಡಳಿತಕ್ಕೆ ಸಾಕಾಗುವಷ್ಟು ಅನುದಾನವನ್ನಷ್ಟೇ ಕೊಡುತ್ತದೆ. ಸಂಶೋಧನೆಯ ಖರ್ಚು ಹೆಚ್ಚಾಗಿ ಸದಸ್ಯರಾದ ಕಂಪನಿಗಳೂ ಸರ್ಕಾರಿ ಇಲಾಖೆಗಳೂ ಕಟ್ಟುವ ವಾರ್ಷಿಕ ಶುಲ್ಕದಿಂದ ನಡೆಯುತ್ತದೆ. ಮಾರುಕಟ್ಟೆಯಲ್ಲಿ ಒಬ್ಬರ ಮೇಲೊಬ್ಬರು ಟೆಂಡರು ಹಾಕುವ ಕಂಪನಿಗಳ ಪ್ರತಿನಿಧಿಗಳು ಸಲಹಾ ಮಂಡಳಿಯಲ್ಲಿ ಒಂದೇ ಮೇಜಿನ ಸುತ್ತ ಕುಳಿತು, ಅಧ್ಯಾಪಕರು ಮಂಡಿಸುವ ಪ್ರಸ್ತಾವಗಳನ್ನು ಕೇಳಿ, ಯಾವುದಕ್ಕೆ ಹಣ ಸಿಗಬೇಕೆಂದು ಮತ ಹಾಕುತ್ತಾರೆ. ಬಂದ ಫಲಿತಾಂಶ ಎಲ್ಲ ಸದಸ್ಯರಿಗೂ ಸಲ್ಲುತ್ತದೆ. ಯಾರೊಬ್ಬರ ಸರಕೂ ಆಗದ, ಆದರೆ ಎಲ್ಲರ ಸರಕಿಗೂ ಬುನಾದಿಯಾಗುವ ಇಂಥ ಕೆಲಸವನ್ನು ಸ್ಪರ್ಧಾಪೂರ್ವ ಸಂಶೋಧನೆ ಎನ್ನುತ್ತಾರೆ. ಶುಲ್ಕ ಕಟ್ಟಿದವರಿಗೆ ಬಹುಶಃ ಇದಕ್ಕಿಂತ ಹೆಚ್ಚಿನ ಲಾಭವೆಂದರೆ, ಅವರ ಕಣ್ಣೆದುರೇ ಪಳಗಿ ಹೊರಬರುವ ಪದವೀಧರರು.

ವ್ಯವಸ್ಥೆಯ ಸಾರ್ಥಕತೆ ಚೆನ್ನಾಗಿ ಕಾಣುವುದು ಜೀವಂತಿಕೆಯ ಪರೀಕ್ಷೆಯಲ್ಲಿ, ಎಂದರೆ ಯಂತ್ರದ ಮೇಲಿಟ್ಟ ಬೆರಳು ನಿಜವಾದದ್ದೋ ಅಚ್ಚಿನಿಂದ ತೆಗೆದ ನಕಲಿಯೋ ಎಂದು ತಿಳಿಯುವ ವಿಧಾನದಲ್ಲಿ. 2002ರಲ್ಲಿ ಜಪಾನಿನ ಯೊಕೊಹಾಮಾ ರಾಷ್ಟ್ರೀಯ ವಿಶ್ವವಿದ್ಯಾಲಯದ ತ್ಸುತೊಮು ಮಾತ್ಸುಮೊತೊ ಮತ್ತು ಸಂಗಡಿಗರು ಜೆಲಟಿನ್‌ನಿಂದ, ಅಂದರೆ ಮಿಠಾಯಿಗೆ ಬಳಸುವ ಅಂಟಿನಂಥ ಪದಾರ್ಥದಿಂದ, ಮಾಡಿದ ಬೆರಳುಗಳು ಅಂದಿನ ವಾಣಿಜ್ಯ ಉಪಕರಣಗಳನ್ನು ವಂಚಿಸಬಲ್ಲವೆಂದು ತೋರಿಸಿದಾಗ ಉದ್ಯಮವೇ ಬೆಚ್ಚಿತು. ಇದೇ ಸಮಸ್ಯೆಯ ಬೆನ್ನು ಹತ್ತಿದ್ದ ಸೈಟರ್‌ನ ಸಂಶೋಧಕಿ ಸ್ಟೆಫನಿ ಶಕರ್ಸ್ ಮತ್ತು ಅವರ ಸಹೋದ್ಯೋಗಿಗಳು ಹಿಡಿದ ದಾರಿ ಬೆವರಿನದು: ಜೀವಂತ ಬೆರಳಿನ ಗೆರೆಗಳ ಮೇಲಿರುವ ರಂಧ್ರಗಳಿಂದ ಒಸರುವ ತೇವ ಕೆಲವೇ ಕ್ಷಣಗಳಲ್ಲಿ ಗೆರೆಯುದ್ದಕ್ಕೂ ಹರಡುವುದರಿಂದ, ಸ್ವಲ್ಪ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಹೋಲಿಸಿದರೆ ಬದಲಾವಣೆ ಕಾಣುತ್ತದೆ, ನಿರ್ಜೀವ ಅಚ್ಚಿನಲ್ಲಿ ಆ ಬಗೆಯ ಬದಲಾವಣೆ ಇರುವುದಿಲ್ಲ. 2009ರಿಂದ ಕ್ಲಾರ್ಕ್‌ಸನ್ ಮತ್ತು ಇಟಲಿಯ ಕಾಲ್ಯಾರಿ ವಿಶ್ವವಿದ್ಯಾಲಯಗಳು ‘ಲಿವ್‌ಡೆಟ್’ ಎಂಬ ಸ್ಪರ್ಧೆಯನ್ನು ನಡೆಸುತ್ತ, ಸಿಲಿಕೋನ್, ಲೇಟೆಕ್ಸ್, ಮರದ ಅಂಟು ಮುಂತಾದವುಗಳಿಂದ ತಯಾರಾದ ನಕಲಿ ಬೆರಳುಗಳನ್ನು ಒಡ್ಡಿ, ವಿದ್ಯಾಸಂಸ್ಥೆಗಳ ಮತ್ತು ಕಂಪನಿಗಳ ತಂತ್ರಾಂಶಗಳನ್ನು ಒಂದೇ ಅಳತೆಯಲ್ಲಿ ತೂಗುತ್ತಿವೆ. ಹೆಸರು ಮರೆಮಾಚಿ ಭಾಗವಹಿಸಲು ಇಲ್ಲಿ ಅವಕಾಶವಿರುವುದು ಉದ್ಯಮದ ಮನಸ್ಸನ್ನು ಬಲ್ಲವರ ಏರ್ಪಾಡೇ ಸರಿ.

ಆದರೆ ಪ್ರಶ್ನೆಗಳನ್ನು ಆಯುವ ಮತ ಹಣ ಕೊಡುವವರ ಕೈಯಲ್ಲಿದ್ದಾಗ, ಕೆಲವು ಪ್ರಶ್ನೆಗಳು ಮೇಜಿನ ಮೇಲೆ ಬರುವುದೇ ತಡವಾಗಬಹುದು. ಮುಖಗುರುತಿನ ತಂತ್ರಾಂಶಗಳು ಎಲ್ಲ ಜನಾಂಗಗಳನ್ನೂ ಸಮನಾಗಿ ಗುರುತಿಸುತ್ತವೆಯೇ ಎಂಬುದಕ್ಕೆ ಅತ್ಯಂತ ವಿಸ್ತಾರವಾದ ಉತ್ತರ ಬಂದದ್ದು ಸದಸ್ಯಶುಲ್ಕದ ಹಣದಿಂದಲ್ಲ. ಅಮೆರಿಕ ಸರ್ಕಾರದ ಮಾನಕ ಸಂಸ್ಥೆಯಾದ ನಿಸ್ಟ್ 2019ರಲ್ಲಿ 189 ತಂತ್ರಾಂಶಗಳನ್ನು ಪರೀಕ್ಷಿಸಿ, ಹಲವು ತಂತ್ರಾಂಶಗಳಲ್ಲಿ ಏಷ್ಯಾ ಮತ್ತು ಆಫ್ರಿಕಾ ಮೂಲದವರ ಮುಖಗಳ ವಿಷಯದಲ್ಲಿ ತಪ್ಪು ಹೊಂದಾಣಿಕೆಯ ಪ್ರಮಾಣ ಬಿಳಿಯರಿಗಿಂತ 10ರಿಂದ 100 ಪಟ್ಟು ಹೆಚ್ಚಿರುವುದನ್ನು ದಾಖಲಿಸಿತು. ಈ ವರದಿಯನ್ನು ಓದಿದ ಮೇಲೆ, ಸಹಭಾಗಿತ್ವದ ಜೊತೆಗೆ ಯಾರ ಶುಲ್ಕಕ್ಕೂ ಒಳಪಡದ ಪರೀಕ್ಷಕರೊಬ್ಬರು ಇರಲೇಬೇಕೆಂಬ ವಾದವನ್ನು ತಳ್ಳಿಹಾಕುವುದು ಕಷ್ಟ.

ಆಧಾರ್‌ನ ದೇಶಕ್ಕೆ ಇದು ದೂರದ ಸಂಗತಿಯಲ್ಲ. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ, ಅಂದರೆ ಐಐಐಟಿ, 2018ರಲ್ಲಿ ಕೈಗೆತ್ತಿಕೊಂಡ ‘ಮೋಸಿಪ್’ ಯೋಜನೆ ರಾಷ್ಟ್ರೀಯ ಗುರುತಿನ ವ್ಯವಸ್ಥೆ ಕಟ್ಟಲು ಯಾವ ದೇಶವಾದರೂ ಬಳಸಬಹುದಾದ ಮುಕ್ತ ತಂತ್ರಾಂಶವನ್ನು ರೂಪಿಸಿದ್ದು, ಫಿಲಿಪ್ಪೀನ್ಸ್, ಮೊರಾಕೊ, ಇಥಿಯೋಪಿಯಾಗಳು ಅದನ್ನು ಆಯ್ದುಕೊಂಡಿವೆ. ಇಲ್ಲಿ ಹಣ ಬಂದದ್ದು ಉಪಕರಣ ತಯಾರಕರಿಂದಲ್ಲ, ಗೇಟ್ಸ್ ಪ್ರತಿಷ್ಠಾನ, ಟಾಟಾ ಟ್ರಸ್ಟ್‌ನಂಥ ದಾನಸಂಸ್ಥೆಗಳಿಂದ. ಬೆರಳಚ್ಚು ಹೋಲಿಸುವ ಯಂತ್ರಾಂಶ, ತಂತ್ರಾಂಶಗಳನ್ನು ಆಯಾ ದೇಶಗಳು ಕಂಪನಿಗಳಿಂದಲೇ ಕೊಳ್ಳುತ್ತವೆಯಾದರೂ, ಅವು ಹೊಂದಿಕೊಳ್ಳಬೇಕಾದ ಮುಕ್ತ ನಿಯಮಗಳನ್ನು ಮೊದಲೇ ಬರೆದಿಟ್ಟಿರುವುದರಿಂದ ಒಬ್ಬ ಮಾರಾಟಗಾರನನ್ನು ಬಿಟ್ಟು ಇನ್ನೊಬ್ಬನ ಬಳಿಗೆ ಹೋಗುವ ದಾರಿ ಕೊಳ್ಳುವ ಸರ್ಕಾರಕ್ಕೆ ತೆರೆದೇ ಇರುತ್ತದೆ.