ಸಂದೇಶ ಹೊರಟಿತು, ತಲುಪಲಿಲ್ಲ: ತಂತ್ರಾಂಶದ ವಂಶವೃಕ್ಷದಲ್ಲಿ ದೋಷ ಹುಡುಕುವ ಬಗೆ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ಒಂದು ಕಾಲಕ್ಕೆ ನಾಗರಖಂಡ-70ರ ಮುಖ್ಯಪಟ್ಟಣ. 10ನೇ ಶತಮಾನದ ಆರಂಭದಲ್ಲಿ ನಾಳ್ಗಾವುಂಡನಾಗಿದ್ದ ಪತಿ ನಾಗಾರ್ಜುನ ತೀರಿಕೊಂಡ ಬಳಿಕ ಜಕ್ಕಿಯಬ್ಬೆ ಆ ಅಧಿಕಾರ ವಹಿಸಿಕೊಂಡಳೆಂದು ಶಾಸನ ಹೇಳುತ್ತದೆ. ಮನೆತನದ ಪದವಿಯಾದರೂ ಅರಸನ ನೇಮಕವಿಲ್ಲದೆ ದಕ್ಕಲಿಲ್ಲ.

ತಂತ್ರಾಂಶದ 'ಇನ್‌ಹೆರಿಟೆನ್ಸ್'ನಲ್ಲಿಯೂ ಇಂಥದೇ ಕಟ್ಟುಪಾಡು ಎದುರಾಗುತ್ತದೆ. ಹಿರಿಯ ಕ್ಲಾಸಿನ ಗುಣಗಳು ಕಿರಿಯ ಕ್ಲಾಸಿಗೆ ತಾವಾಗಿ ಬರುತ್ತವೆ. ಕಿರಿಯದು ಹೊಸದಾಗಿ ಸೇರಿಸಿಕೊಂಡದ್ದು ಮಾತ್ರ ಕೆಲವೆಡೆ ನೋಂದಣಿಯಿಲ್ಲದೆ ನಡೆಯದು. ನಾರ್ವೆಯ ಟ್ರೋಲ್‌ಟೆಕ್ ಸಂಸ್ಥೆ 1995ರಲ್ಲಿ ಹೊರತಂದ 'ಕ್ಯೂಟಿ' ಇದಕ್ಕೆ ಉತ್ತಮ ನಿದರ್ಶನ. ಸಿ ಪ್ಲಸ್ ಪ್ಲಸ್ ಭಾಷೆಯ ಈ ಸಲಕರಣೆಯಲ್ಲಿ ಒಂದು ವಸ್ತು 'ಸಿಗ್ನಲ್' ಹೊರಡಿಸುತ್ತದೆ, ಇನ್ನೊಂದರ 'ಸ್ಲಾಟ್' ಅದನ್ನು ಸ್ವೀಕರಿಸುತ್ತದೆ. ಎರಡನ್ನೂ ಬೆಸೆಯುವುದು 'ಕನೆಕ್ಟ್'.

ಬಂದಳಿಕೆಯ ಸ್ಮಾರಕಗಳ ದಾಖಲೆಗೆ ತಂತ್ರಾಂಶವೊಂದನ್ನು ರಚಿಸಲಾಗಿದೆ ಎಂದುಕೊಳ್ಳೋಣ. 'ಸ್ಮಾರಕ' ಹಿರಿಯ ಕ್ಲಾಸ್, 'ಬಸದಿ' ಅದರ ಕಿರಿಯದು. ಶಾಂತಿನಾಥ ಬಸದಿಯ ಛಾವಣಿಯಲ್ಲಿ ಬಿರುಕು ಕಂಡಿತೆಂದು ದಾಖಲಿಸಿದರೂ ದುರಸ್ತಿ ಪಟ್ಟಿ ಬದಲಾಗುವುದಿಲ್ಲ. ತಂತ್ರಾಂಶ ನಿಂತಿಲ್ಲ, ದೋಷದ ಫಲಕವೂ ಮೂಡಿಲ್ಲ. ಪಟ್ಟಿಯನ್ನೇ ನಂಬಿದವರಿಗೆ ಬಿರುಕು ಇಲ್ಲವೆಂದೇ ಅರ್ಥ. ಅಪಾಯವಿರುವುದು ಇಲ್ಲಿಯೇ.

ಮೊದಲು ಕನ್ಸೋಲಿನ ಎಚ್ಚರಿಕೆಯನ್ನು ಓದಬೇಕು. ಸ್ಲಾಟ್ ಬರೆದಿರುವುದು 'ಬಸದಿ'ಯಲ್ಲಿ. ಆದರೆ 'ಸ್ಮಾರಕದಲ್ಲಿ ಅಂಥ ಸ್ಲಾಟ್ ಇಲ್ಲ' ಎಂಬ ಅರ್ಥದ ಸಾಲು ಬಂದರೆ ಕಾರಣ ಬಹುತೇಕ ಸ್ಪಷ್ಟ: ಕಿರಿಯ ಕ್ಲಾಸಿನಲ್ಲಿ 'ಕ್ಯೂ_ಆಬ್ಜೆಕ್ಟ್' ಎಂಬ ನೋಂದಣಿ ಪದ ಬಿಟ್ಟುಹೋಗಿದೆ. ಅದನ್ನು ಸೇರಿಸಿ, 'ಕ್ಯೂಮೇಕ್' ಬಳಸುವವರು ಅದನ್ನು ಮತ್ತೊಮ್ಮೆ ನಡೆಸಿ, ಯೋಜನೆಯನ್ನು ಪುನಃ ಕಟ್ಟಬೇಕು.

ಎರಡನೆಯದು, ಪೂರ್ವಜರ ಸರದಿ. ಕ್ಲಾಸಿಗೆ ಹಲವು ಹಿರಿಯರಿದ್ದರೆ 'ಕ್ಯೂಆಬ್ಜೆಕ್ಟ್' ವಂಶದವರ ಹೆಸರು ಪಟ್ಟಿಯಲ್ಲಿ ಮೊದಲು ಇರಬೇಕು. ಅಂಥವರು ಒಬ್ಬರೇ ಇರಬೇಕು.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಹಿರಿಯ ಕ್ಲಾಸಿನಲ್ಲಿರುವ ಸಿಗ್ನಲನ್ನು ಕಿರಿಯದರಲ್ಲಿ ಅದೇ ಹೆಸರಿನಿಂದ ಮತ್ತೆ ಘೋಷಿಸಿದರೆ ಅವು ಎರಡು ಬೇರೆ ಸಿಗ್ನಲ್‌ಗಳಾಗುತ್ತವೆ. ಹೊರಡಿಸುವುದು ಹಿರಿಯದು, ಕಾದಿರುವುದು ಕಿರಿಯದಕ್ಕೆ. ಬೆಸುಗೆ ಯಶಸ್ವಿಯಾದಂತೆಯೇ ತೋರುತ್ತದೆ, ಸಂದೇಶ ಮಾತ್ರ ಬಾರದು. ಎರಡನೆಯ ಘೋಷಣೆಯನ್ನು ಅಳಿಸುವುದೇ ಪರಿಹಾರ.

ಸ್ಲಾಟ್ ಎರಡು ಬಾರಿ ನಡೆಯುತ್ತಿದ್ದರೆ, ಹಿರಿಯ ಹಾಗೂ ಕಿರಿಯ ಕ್ಲಾಸುಗಳೆರಡರ ಕನ್‌ಸ್ಟ್ರಕ್ಟರ್‌ನಲ್ಲಿಯೂ ಕನೆಕ್ಟ್ ಇದೆಯೇ ಎಂದು ನೋಡಬೇಕು. ಹಿರಿಯ ಕ್ಲಾಸಿನ ಕನ್‌ಸ್ಟ್ರಕ್ಟರ್‌ನಲ್ಲಿಯೇ ಸಿಗ್ನಲ್ ಹೊರಟರೆ, ಹೊರಗಿನವರು ಆ ವೇಳೆಗೆ ಇನ್ನೂ ಬೆಸೆದುಕೊಂಡಿರುವುದಿಲ್ಲ. ಆ ಸಂದೇಶ ವ್ಯರ್ಥ.

2012ರ ಡಿಸೆಂಬರ್‌ನಲ್ಲಿ ಬಂದ ಕ್ಯೂಟಿ 5, ಹೆಸರನ್ನು ಪಠ್ಯವಾಗಿ ಬರೆಯುವ ಬದಲು ಫಂಕ್ಷನ್ನಿನ ವಿಳಾಸವನ್ನೇ ಕೊಡುವ ವಿಧಾನ ತಂದಿತು. ಇದರಿಂದ ತಪ್ಪು ಹೆಸರುಗಳು ಕಂಪೈಲ್ ಹಂತದಲ್ಲಿಯೇ ಸಿಕ್ಕಿಬೀಳುತ್ತವೆ. ಆದರೆ ಮರುಘೋಷಣೆಯ ದೋಷವನ್ನು ಅದೂ ಹಿಡಿಯದು. ಅದನ್ನು ಹುಡುಕಲು ಹಿರಿಯ ಕ್ಲಾಸಿನ ಕಡತವನ್ನು ತೆರೆದು ಓದುವುದು ಒಂದು ದಾರಿ.