ಹೊಯ್ ಸಳ, ಈ ಸಲ, ಮೂರು ಸಿಂಹ

ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ ಹೋದವರು ಒಂದು ಶಿಲ್ಪದ ಮುಂದೆ ನಿಂತೇ ನಿಲ್ತಾರೆ. ಒಬ್ಬ ಯುವಕ, ಮೈಮೇಲೆ ಎರಗಿದ ಸಿಂಹ, ಯುವಕನ ಕೈಯಲ್ಲಿ ಆಯುಧ. ಅವನೇ ಸಳ. ಕಥೆ ನಿಮಗೆ ಗೊತ್ತು. ಜೈನ ಮುನಿ ಸುದತ್ತರು ಪಾಠ ಹೇಳ್ತಿರುವಾಗ ಕಾಡುಮೃಗ ನುಗ್ಗಿತು. ಹುಲಿ ಅಂತ ಕೆಲವರು, ಸಿಂಹ ಅಂತ ಕೆಲವರು. ಮುನಿ ಕೂಗಿದರು: ಹೊಯ್, ಸಳ! ಹೊಡಿ, ಸಳ! ಸಳ ಹೊಡೆದ. ಆ ಕೂಗೇ ಒಂದು ರಾಜವಂಶದ ಹೆಸರಾಯ್ತು ಅಂತ ಐತಿಹ್ಯ ಹೇಳುತ್ತೆ.

ಈಗ ಸ್ವಲ್ಪ ಯೋಚನೆ ಮಾಡಿ. ಹೊಡೆದವನು ಸಳ. ಮುನಿ ಪಕ್ಕದಲ್ಲಿದ್ದು ಕೂಗಿದರು ಅಷ್ಟೇ. ಇವತ್ತು ಸ್ಟೇಡಿಯಂ ಗ್ಯಾಲರಿಯಲ್ಲಿ ಕೂತವರು ಮಾಡೋದೂ ಅದನ್ನೇ ಅಲ್ವಾ? ಆಡೋನು ಬೇರೆ, ಕೂಗೋನು ಬೇರೆ. ಆದರೆ ಹೆಸರಾಗಿ ಉಳಿಯೋದು ಕೂಗು.

ಇವತ್ತಿನ ಮಾತು ಆ ಕೂಗಿನ ಬಗ್ಗೆ. ಅದರಲ್ಲೂ ಒಂದು ವಿಚಿತ್ರ ಜಾತಿಯ ಕೂಗಿನ ಬಗ್ಗೆ: ದೊಡ್ಡ ಟೂರ್ನಿ ಬಂದಾಗ ಹಾಸ್ಯಗಾರರು ಕಟ್ಟುವ ಹಾಡು. ಹಾಡೋದಕ್ಕೆ ಗಾಯಕರಿಲ್ವಾ? ಬರೆಯೋದಕ್ಕೆ ಕವಿಗಳಿಲ್ವಾ? ಹಾಸ್ಯಗಾರ ಯಾಕೆ ಬೇಕು?

ಉತ್ತರಕ್ಕೆ 1996ರ ಇಂಗ್ಲೆಂಡಿಗೆ ಹೋಗಬೇಕು. ಆ ವರ್ಷ ಯುರೋಪಿನ ಫುಟ್‌ಬಾಲ್ ಚಾಂಪಿಯನ್‌ಷಿಪ್ ಇಂಗ್ಲೆಂಡಿನಲ್ಲೇ ನಡೀತು. ಇಂಗ್ಲೆಂಡ್ ತಂಡದ ಅಂಗಿ ಮೇಲೆ ಮೂರು ಸಿಂಹಗಳ ಲಾಂಛನ ಇದೆ. ಹಾಡಿನ ಹೆಸರೂ ಅದೇ, ‘ತ್ರೀ ಲಯನ್ಸ್’. ರಾಗ ಕಟ್ಟಿದ್ದು ಲೈಟ್ನಿಂಗ್ ಸೀಡ್ಸ್ ತಂಡದ ಇಯಾನ್ ಬ್ರೌಡಿ. ಸಾಹಿತ್ಯ ಬರೆದು ಅವರ ಜೊತೆ ಹಾಡಿದವರು ಡೇವಿಡ್ ಬ್ಯಾಡೀಲ್ ಮತ್ತು ಫ್ರಾಂಕ್ ಸ್ಕಿನ್ನರ್. ಇಬ್ಬರೂ ಹಾಸ್ಯಗಾರರು, ಟೀವಿಯಲ್ಲಿ ಫುಟ್‌ಬಾಲ್ ಬಗ್ಗೆ ತಮಾಷೆ ಕಾರ್ಯಕ್ರಮ ನಡೆಸ್ತಿದ್ದವರು. ಗಾಯಕರಂತೂ ಅಲ್ಲ. ಕೇಳಿದರೆ ನಿಮಗೇ ಗೊತ್ತಾಗುತ್ತೆ.

ಅವರು ಮಾಡಿದ್ದೇನು? ಅಲ್ಲಿಯವರೆಗೆ ತಂಡದ ಹಾಡು ಅಂದ್ರೆ ಗೆದ್ದೇ ಗೆಲ್ತೀವಿ ಅನ್ನೋ ಜೈಕಾರ. ಇವರು ಸೋಲಿನಿಂದ ಶುರು ಮಾಡಿದರು. ಇಂಗ್ಲೆಂಡ್ ವಿಶ್ವಕಪ್ ಗೆದ್ದದ್ದು 1966ರಲ್ಲಿ. ಆಮೇಲೆ ಮೂವತ್ತು ವರ್ಷ ಬರೀ ಕಾಯೋದೇ ಆಯ್ತು. ಪ್ರತಿ ಸಲ ಆಸೆ, ಪ್ರತಿ ಸಲ ನಿರಾಸೆ. ಆದರೂ ಆಸೆ ಬಿಟ್ಟಿಲ್ಲ ಅನ್ನೋದೇ ಆ ಹಾಡಿನ ಸಾರ. ಜನಕ್ಕೆ ಎದೆಗೆ ತಟ್ಟಿತು. ಯಾಕಂದ್ರೆ ಅದು ನಿಜ.

ಆ ಟೂರ್ನಿಯ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಜರ್ಮನಿ ವಿರುದ್ಧ ಪೆನಾಲ್ಟಿಯಲ್ಲಿ ಸೋತಿತು. ಜರ್ಮನಿ ಕಪ್ ಗೆದ್ದು ಊರಿಗೆ ಹೋಗಿ, ಫ್ರಾಂಕ್‌ಫರ್ಟ್‌ನ ಬಾಲ್ಕನಿಯಲ್ಲಿ ನಿಂತು ಹಾಡಿದ್ದು ಯಾವ ಹಾಡು? ಇದೇ ಇಂಗ್ಲೆಂಡಿನ ಹಾಡು! ಎದುರಾಳಿಯೂ ಹಾಡುವ ಹಾಡು ಅಂದ್ರೆ ಅದರ ತಾಕತ್ತು ನೋಡಿ. 1998ರಲ್ಲಿ ಹೊಸ ರೂಪದಲ್ಲಿ ಬಂದು ಮತ್ತೆ ಮೊದಲ ಸ್ಥಾನಕ್ಕೇರಿತು. 2018ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಸೆಮಿಫೈನಲ್ ತಲುಪಿದಾಗ, ಇಪ್ಪತ್ತೆರಡು ವರ್ಷದ ಹಳೇ ಹಾಡು ಪುನಃ ಮೊದಲ ಸ್ಥಾನದಲ್ಲಿತ್ತು. ಸೋಲು ಮರುಕಳಿಸಿದಷ್ಟೂ ಹಾಡಿಗೆ ಆಯಸ್ಸು!

1998ರಲ್ಲೇ ಇನ್ನೊಂದು ಬಂತು. ಹೆಸರು ಕೇಳಿದರೆ ಮಂಗಳೂರಿನವರು ನಗ್ತಾರೆ: ‘ವಿಂದಾಲೂ’. ನಟ, ಹಾಸ್ಯಗಾರ ಕೀತ್ ಅಲೆನ್ ಮತ್ತು ಗೆಳೆಯರು ಕಟ್ಟಿದ್ದು. ವಿಂದಾಲೂ ಅಂದ್ರೆ ಪೋರ್ಚುಗೀಸರು ಗೋವಾಕ್ಕೆ ತಂದ ಹುಳಿ-ಬೆಳ್ಳುಳ್ಳಿ ಅಡುಗೆ. ನಮ್ಮ ಕರಾವಳಿಯ ಕ್ರೈಸ್ತರ ಮನೆಗಳಿಗೂ ಗೊತ್ತಿರುವ ರುಚಿ. ಅದು ಇಂಗ್ಲೆಂಡಿನ ಹೋಟೆಲ್‌ಗಳಲ್ಲಿ ಬೆಂಕಿ ಖಾರದ ಕರಿಯಾಗಿ ಹೆಸರು ಮಾಡಿತು. ಹಾಡಿನಲ್ಲಿ ಹೆಚ್ಚು ಅರ್ಥ ಹುಡುಕಬೇಡಿ. ಊಟದ ಹೆಸರನ್ನೇ ಕೂಗೋದು. ಆದರೂ ಬ್ರಿಟನ್ನಿನಲ್ಲಿ ಎರಡನೇ ಸ್ಥಾನ.

ಇನ್ನೂ ಒಂದು ವಿಷಯ ಹೇಳ್ತೀನಿ, ಆಶ್ಚರ್ಯಪಡ್ತೀರಿ. 2010ರ ವಿಶ್ವಕಪ್‌ನ ‘ವಾಕಾ ವಾಕಾ’ ಹಾಡಿಗೆ ಶಾಲಾ ವಾರ್ಷಿಕೋತ್ಸವದಲ್ಲಿ ಕುಣಿಯದ ಮಕ್ಕಳು ಕಡಿಮೆ. ಹಾಡಿದ್ದು ಶಕೀರಾ. ಆದರೆ ಅದರ ಪಲ್ಲವಿ 1986ರಲ್ಲಿ ಆಫ್ರಿಕಾದ ಕ್ಯಾಮರೂನ್‌ನಲ್ಲಿ ಗೋಲ್ಡನ್ ಸೌಂಡ್ಸ್ ಅನ್ನೋ ತಂಡ ಹಾಡಿದ್ದ ಹಾಡಿನಿಂದ ಬಂದದ್ದು. ಆ ತಂಡದವರು ಅಧ್ಯಕ್ಷರ ಕಾವಲು ಪಡೆಯ ಸೈನಿಕರು. ಸಮವಸ್ತ್ರದೊಳಗೆ ದಿಂಬು ತುರುಕಿಕೊಂಡು, ಡೊಳ್ಳುಹೊಟ್ಟೆ ಮಾಡಿಕೊಂಡು ವೇದಿಕೆ ಹತ್ತುತ್ತಿದ್ದರು. ಅಂದ್ರೆ ಜಗತ್ತಿಗೇ ಗೊತ್ತಿರುವ ವಿಶ್ವಕಪ್ ಗೀತೆಯ ಬೇರಿನಲ್ಲೂ ಇರೋದು ನಗೆಯೇ.

ಹಾಗಾದರೆ ಇದು ಕೆಲಸ ಮಾಡೋದು ಹೇಗೆ? ಮೂರು ಕಾರಣ.

ಒಂದು, ಹಾಸ್ಯಗಾರನಿಗೆ ಸಂಗೀತದ ಹಮ್ಮಿಲ್ಲ. ಅವನು ಹಾಡಬಲ್ಲ ಅಂದ್ರೆ ಯಾರು ಬೇಕಾದರೂ ಹಾಡಬಲ್ಲರು. ಶ್ರುತಿ ತಪ್ಪಿದರೆ ನಷ್ಟ ಇಲ್ಲ, ನಲವತ್ತು ಸಾವಿರ ಜನ ಒಟ್ಟಿಗೆ ತಪ್ಪಿದರೆ ಅದೇ ಶ್ರುತಿ! ಎರಡು, ಸೋಲನ್ನು ಬಾಯಿಬಿಟ್ಟು ಹೇಳುವ ಧೈರ್ಯ ಹಾಸ್ಯಗಾರನಿಗೆ ಮಾತ್ರ ಇರೋದು. ತಂಡದ ಮಾಲೀಕ ಹೇಳಲ್ಲ, ಕೋಚ್ ಹೇಳಲ್ಲ, ಜಾಹೀರಾತು ಕೊಟ್ಟವನಂತೂ ಹೇಳೋದೇ ಇಲ್ಲ. ಮೂರು, ನಮ್ಮನ್ನು ನೋಡಿ ನಾವೇ ನಕ್ಕುಬಿಟ್ಟರೆ, ಎದುರಾಳಿಯ ನಗು ಚುಚ್ಚಲ್ಲ.

ಇದೆಲ್ಲ ಬರೀ ವಿಲಾಯಿತಿ ವಿದ್ಯೆ ಅಂದುಕೊಳ್ಳಬೇಡಿ. ಬೆಂಗಳೂರಿನಿಂದ ಅರಸೀಕೆರೆಗೆ ರೈಲಿನಲ್ಲಿ ಬಂದರೆ ದಾರಿಯಲ್ಲಿ ಗುಬ್ಬಿ ಸಿಗುತ್ತೆ. ಆ ಊರಿನ ವೀರಣ್ಣನವರು ನಾಟಕ ಕಂಪನಿಯ ಮಾಲೀಕರಾಗಿದ್ದೂ ವೇದಿಕೆಯಲ್ಲಿ ಹೆಸರು ಮಾಡಿದ್ದು ಹಾಸ್ಯನಟರಾಗಿ. ಟಿ.ಪಿ. ಕೈಲಾಸಂ ಅವರನ್ನು ನೆನಪಿಸಿಕೊಳ್ಳಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಹಾಡ್ತಾ ನಡೆದ ‘ಟಿಪ್ಪರರಿ’ ಹಾಡನ್ನು ಅವರು ನಮ್ಮ ‘ತಿಪ್ಪಾರಳ್ಳಿ’ ಮಾಡಿಬಿಟ್ಟರು. ಧಾಟಿ ಅಲ್ಲಿಯದು, ಊರು ನಮ್ಮದು, ನಗು ನಮ್ಮದು.

ಇವತ್ತಿಗೂ ಅರಸೀಕೆರೆ, ಬೇಲೂರು, ಹಳೇಬೀಡು ಕಡೆ ಹೊನಲು ಬೆಳಕಿನ ಕಬಡ್ಡಿಯೋ, ಟೆನಿಸ್ ಬಾಲ್ ಕ್ರಿಕೆಟ್ಟೋ ನಡೆದರೆ ಮೈಕ್ ಹಿಡಿಯೋನು ಒಬ್ಬ ಇರ್ತಾನೆ. ವೀಕ್ಷಕ ವಿವರಣೆ ಅಂತ ಹೆಸರು, ಮಾಡೋದು ಹಾಸ್ಯ. ಕ್ಯಾಚ್ ಬಿಟ್ಟವನಿಗೆ ಒಂದು ಸಿನಿಮಾ ಹಾಡು, ಸೊನ್ನೆಗೆ ಔಟಾದವನಿಗೆ ಇನ್ನೊಂದು. ಬೈಸಿಕೊಂಡವನೂ ನಗ್ತಾನೆ, ಸೋತ ಊರಿನವರೂ ಕೂತು ಕೊನೇವರೆಗೆ ನೋಡ್ತಾರೆ. ಜಗಳ ಆಗೋ ಜಾಗದಲ್ಲಿ ನಗು ಆಗುತ್ತೆ. ಸಣ್ಣ ಕೆಲಸ ಅಲ್ಲ ಅದು. ಅರಸೀಕೆರೆಯಿಂದ ಹಳೇಬೀಡಿಗೆ ಹೋಗೋ ದಾರಿಯಲ್ಲೇ ಇರೋದು ಜಾವಗಲ್. ಆ ಊರಿನ ಹೆಸರನ್ನು ತನ್ನ ಹೆಸರಿನ ಮುಂದೆ ಹೊತ್ತು ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ತೆಗೆದವರು ಶ್ರೀನಾಥ್. ಈ ಸೀಮೆಗೆ ಆಟ ಹೊಸದಲ್ಲ.

ಈಗ ಬನ್ನಿ ‘ಈ ಸಲ’ಕ್ಕೆ. ನಮ್ಮ ‘ತ್ರೀ ಲಯನ್ಸ್’ ಯಾವುದು ಅಂದ್ರೆ ಅದು ಹಾಡೂ ಅಲ್ಲ, ಒಂದೇ ಒಂದು ವಾಕ್ಯ: ಈ ಸಲ ಕಪ್ ನಮ್ದೇ. ಆಟ ಕ್ರಿಕೆಟ್, ಲಾಂಛನದಲ್ಲಿ ಇಲ್ಲೂ ಸಿಂಹ. ಬೆಂಗಳೂರು ತಂಡ ಐಪಿಎಲ್ ಫೈನಲ್‌ನಲ್ಲಿ 2009ರಲ್ಲಿ ಸೋತಿತು, 2011ರಲ್ಲಿ ಸೋತಿತು, 2016ರಲ್ಲಿ ನಮ್ಮದೇ ಚಿನ್ನಸ್ವಾಮಿ ಮೈದಾನದಲ್ಲಿ ಸೋತಿತು. ಅಭಿಮಾನಿ ಬಿಡಲಿಲ್ಲ. ಪಕ್ಕದ ರಾಜ್ಯದವರು ಆಡಿಕೊಂಡರು, ನಾವೇ ಮೀಮ್ ಮಾಡಿ ಹಂಚಿದೆವು. ಹಾಸ್ಯಗಾರ ದಾನಿಶ್ ಸೇಠ್ ‘ಮಿಸ್ಟರ್ ನ್ಯಾಗ್ಸ್’ ಅನ್ನೋ ವೇಷದಲ್ಲಿ ತಂಡದ ಆಟಗಾರರನ್ನೇ ಕೂರಿಸಿಕೊಂಡು ಕಾಲೆಳೆದರು. 2023ರಲ್ಲಿ ನಾಯಕ ಫಾಫ್ ಡು ಪ್ಲೆಸಿಸ್ ಆ ಘೋಷಣೆ ಹೇಳಲು ಹೋಗಿ ‘ಕಪ್ ನಹೀ’ ಅಂದುಬಿಟ್ಟರು. ಪಕ್ಕದಲ್ಲಿದ್ದ ಕೊಹ್ಲಿ ನಕ್ಕರು, ಕರ್ನಾಟಕವೂ ನಕ್ಕಿತು.

ಆ ವಾಕ್ಯದ ವ್ಯಾಕರಣ ನೋಡಿ, ಮಜಾ ಇದೆ. ‘ನಮ್ದು’ ಅಂದ್ರೆ ನಮ್ಮ ಹತ್ತಿರ ಇದೆ ಅಂತ. ‘ನಮ್ದೇ’ ಅನ್ನೋದು? ಕೊನೇ ದೀರ್ಘದಲ್ಲಿ ಒಂದು ಹಠ ಇದೆ. ಕೈಯಲ್ಲಿ ಇಲ್ಲದ್ದಕ್ಕೆ ಮಾಡೋ ಹಠ. ಮನೆ ನಮ್ದು ಅಂತೀವಿ, ವ್ಯಾಜ್ಯದಲ್ಲಿರೋ ಜಮೀನಿಗೆ ನಮ್ದೇ ಅಂತೀವಿ. 2024ರ ಮಾರ್ಚ್‌ನಲ್ಲಿ ಮಹಿಳಾ ತಂಡ ಕಪ್ ಗೆದ್ದಾಗ ನಾಯಕಿ ಸ್ಮೃತಿ ಮಂಧಾನ ಹೇಳಿದ್ದೇ ಇದನ್ನ: ಇನ್ನು ‘ನಮ್ದೇ’ ಅಲ್ಲ, ‘ನಮ್ದು’. ಮಹಾರಾಷ್ಟ್ರದ ಹೆಣ್ಣುಮಗಳು ನಮಗೆ ಕನ್ನಡದ ಪ್ರತ್ಯಯ ಪಾಠ ಮಾಡಿದರು!

2025ರ ಜೂನ್ 3. ಅಹಮದಾಬಾದ್. ಪಂಜಾಬ್ ವಿರುದ್ಧ ಆರು ರನ್. ಹದಿನೆಂಟನೇ ವರ್ಷಕ್ಕೆ ಗಂಡಸರ ಕಪ್ಪೂ ‘ನಮ್ದು’ ಆಯ್ತು. ಮಾರನೇ ದಿನ ಏನಾಯ್ತು ಅಂತ ನಾನು ಹೇಳಬೇಕಿಲ್ಲ. ಚಿನ್ನಸ್ವಾಮಿಯಲ್ಲಿ ಹಿಡಿಯೋದು ಸುಮಾರು 35 ಸಾವಿರ ಜನ. ಬಂದವರು ಎರಡು-ಮೂರು ಲಕ್ಷ ಅಂತ ಸರ್ಕಾರವೇ ಹೇಳಿತು. ಗೇಟಿನ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದರಲ್ಲೊಂದು ಸಾವಿನ ಸುದ್ದಿ ಇದೇ ಬೇಲೂರು ತಾಲ್ಲೂಕಿಗೂ ಬಂತು.

ಹಾಡಿನ ತಪ್ಪಾ? ಘೋಷಣೆಯ ತಪ್ಪಾ? ಅಲ್ಲ. ಆದರೆ ಇಲ್ಲೊಂದು ಪಾಠ ಇದೆ. 2021ರಲ್ಲಿ ಇಂಗ್ಲೆಂಡ್ ಯುರೋ ಫೈನಲ್ ತಲುಪಿತು. ವೆಂಬ್ಲಿ ಮೈದಾನಕ್ಕೆ ಟಿಕೆಟ್ ಇಲ್ಲದ ಜನ ನುಗ್ಗಿದರು. ಅಂದು ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಸೋತಿತು. ಆಮೇಲೆ ವಿಚಾರಣೆ ಮಾಡಿದ ಲೂಯಿಸ್ ಕೇಸಿ ಅವರ ವರದಿ ಏನು ಹೇಳಿತು ಗೊತ್ತಾ? ಯಾರೂ ಸಾಯದೇ ಇದ್ದದ್ದು ಅದೃಷ್ಟ. ಇಂಗ್ಲೆಂಡ್ ಗೆದ್ದಿದ್ದರೆ ಹೊರಗಿದ್ದ ಸಾವಿರಾರು ಜನ ಒಳಗೆ ನುಗ್ಗುವ ಅಪಾಯ ಇತ್ತು! ಅಂದ್ರೆ ಸೋಲಿಗಿಂತ ಗೆಲುವಿಗೇ ಹೆಚ್ಚು ಬಂದೋಬಸ್ತು ಬೇಕು.

ವರ್ಷಗಟ್ಟಲೆ ನಕ್ಕು ನಕ್ಕು ಸೋಲನ್ನು ತಡೆದುಕೊಳ್ಳೋದು ಜನ ತಾವೇ ಕಲಿತರು. ಅದಕ್ಕೆ ಹಾಸ್ಯಗಾರ ಸಾಕಾಗಿದ್ದ. ಗೆಲುವನ್ನು ತಡೆದುಕೊಳ್ಳೋದಕ್ಕೆ ಹಾಸ್ಯಗಾರ ಸಾಕಾಗಲ್ಲ. ಅದಕ್ಕೆ ಗೇಟು ಬೇಕು, ಪೊಲೀಸರು ಬೇಕು, ಆಂಬ್ಯುಲೆನ್ಸ್ ಬೇಕು, ಎಷ್ಟು ಜನ ಬರ್ತಾರೆ ಅಂತ ಮುಂಚೆ ಕೂತು ಲೆಕ್ಕ ಹಾಕೋ ತಲೆ ಬೇಕು. ‘ನಮ್ದೇ’ ಅಂತ ಕೂಗೋದು ಅಭಿಮಾನಿಯ ಹಕ್ಕು. ಕೂಗಿದವನು ರಾತ್ರಿ ಮನೆಗೆ ಸೇರೋ ಹಾಗೆ ನೋಡಿಕೊಳ್ಳೋದು ಆ ಕೂಗಿನಿಂದ ಲಾಭ ಮಾಡಿಕೊಂಡವರ, ಆ ಕೂಗಿನ ಜೊತೆ ನಿಂತು ಫೋಟೋ ತೆಗೆಸಿಕೊಂಡವರ ಕರ್ತವ್ಯ.

ಕೊನೇದಾಗಿ ಒಂದು ಪ್ರಶ್ನೆ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಒಂದು ಕಪ್ ಗೆದ್ದಿತು, ನೆನಪಿದೆಯಾ? ಫುಟ್‌ಬಾಲ್‌ನ ಸಂತೋಷ್ ಟ್ರೋಫಿ. ಮೇಘಾಲಯ ವಿರುದ್ಧ 3-2. ನಮಗೆ ಆ ಕಪ್ ಅದಕ್ಕೂ ಮುಂಚೆ ಬಂದದ್ದು 1968-69ರಲ್ಲಿ, ಇನ್ನೂ ಮೈಸೂರು ಅನ್ನೋ ಹೆಸರಿದ್ದಾಗ. ಐವತ್ತನಾಲ್ಕು ವರ್ಷ! ಇಂಗ್ಲೆಂಡಿನವರು ಮೂವತ್ತು ವರ್ಷಕ್ಕೇ ಹಾಡು ಕಟ್ಟಿದರು. ನಮ್ಮ ಐವತ್ತನಾಲ್ಕು ವರ್ಷದ ಬಗ್ಗೆ ಜನರ ಬಾಯಲ್ಲಿ ಉಳಿದ ಒಂದು ಸಾಲು ಇದೆಯಾ? ಒಂದು ಜೋಕಾದರೂ ಇದೆಯಾ?

ಹೊಡೆಯೋಕೆ ಸಳ ಇದ್ದಾನೆ ಸ್ವಾಮಿ. ‘ಹೊಯ್’ ಅಂತ ಕೂಗೋಕೆ ಯಾರಾದರೂ ಬೇಕಲ್ಲ?