ಮಿಸಿಸಿಪ್ಪಿಯನ್ನು ನಡೆದೇ ದಾಟಬಹುದು!

ಅಮೆರಿಕದ ಭೂಪಟವನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಹರಿಯುವ ಮಿಸಿಸಿಪ್ಪಿ ನದಿಯ ಹೆಸರು ಶಾಲಾ ಮಕ್ಕಳಿಗೆಲ್ಲ ಗೊತ್ತು. ಅದರ ಉದ್ದ 3,700 ಕಿ.ಮೀ.ಗೂ ಹೆಚ್ಚು. ಇಂಥ ಮಹಾನದಿಯನ್ನು ಪುಟ್ಟ ಮಗುವೂ ಅಪ್ಪನ ಕೈ ಹಿಡಿದು, ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ದಾಟುವ ಜಾಗವೊಂದಿದೆ. ಅದೇ ಮಿನ್ನೆಸೋಟ ರಾಜ್ಯದ ಇಟಾಸ್ಕ ಸರೋವರದ ದಂಡೆ. ನದಿ ಹುಟ್ಟುವುದು ಇಲ್ಲಿಯೇ.

ಬೇಸಿಗೆ ರಜೆಯಲ್ಲಿ ಇಲ್ಲಿಗೆ ಬರುವ ಅನೇಕ ಕುಟುಂಬಗಳು ಮನೆಯನ್ನೇ ಜೊತೆಗೆ ತರುತ್ತವೆ! ಅಡುಗೆಮನೆ, ಮಂಚ, ಬಚ್ಚಲು ಎಲ್ಲವೂ ಇರುವ ಈ ಗಾಲಿಯ ಮನೆಗೆ ಅಲ್ಲಿನವರು ಆರ್.ವಿ. ಎನ್ನುತ್ತಾರೆ. ಇಂಥ ಗಾಡಿಗಳು ಗುಂಪಾಗಿ ಹೊರಟರೆ ಅದು ಕ್ಯಾರವಾನ್. ದಾರಿ ತೋರುವ ಮುಂದಾಳು ‘ವ್ಯಾಗನ್ ಮಾಸ್ಟರ್’. ಕಟ್ಟಕಡೆಯಲ್ಲಿ ಬರುವವನು ‘ಟೇಲ್ ಗನ್ನರ್’. ಯಾರದಾದರೂ ಗಾಡಿ ಕೆಟ್ಟು ನಿಂತರೆ ಅವರು ಒಂಟಿಯಾಗದಂತೆ ನೋಡಿಕೊಳ್ಳುವುದು ಅವನ ಹೊಣೆ.

ನೀರಿನ ಲೆಕ್ಕ

ದಕ್ಷಿಣದಿಂದ ಬರುವವರಿಗೆ ಇಟಾಸ್ಕಕ್ಕೆ ಮೊದಲು ಸಿಗುವುದು ಪಾರ್ಕ್ ರ‍್ಯಾಪಿಡ್ಸ್ ಎಂಬ ಚಿಕ್ಕ ಪಟ್ಟಣ. ಇಲ್ಲಿನ ಮುಖ್ಯ ಬೀದಿ ಎಷ್ಟು ಅಗಲವೆಂದರೆ, ಕಾರುಗಳನ್ನು ಬೀದಿಯ ನಟ್ಟನಡುವೆಯೂ ನಿಲ್ಲಿಸುತ್ತಾರೆ. ಅಲ್ಲಿಂದ ಮೂವತ್ತು ಕಿ.ಮೀ. ಚಿಲ್ಲರೆ ಸಾಗಿದರೆ ಇಟಾಸ್ಕ ಉದ್ಯಾನ.

ಬಿಡಾರ ಹೂಡಿದ ಮೇಲೆ ಮಕ್ಕಳಿಗೆ ನಿಜವಾದ ಪಾಠ ಆರಂಭ. ಗಾಡಿಯಲ್ಲಿ ನೀರಿಗೆ ಮೂರು ತೊಟ್ಟಿಗಳು. ಒಂದರಲ್ಲಿ ಶುದ್ಧ ನೀರು, ಇನ್ನೊಂದರಲ್ಲಿ ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು, ಮತ್ತೊಂದರಲ್ಲಿ ಶೌಚದ ನೀರು. ಮೊದಲನೆಯದು ಖಾಲಿಯಾದಂತೆ ಉಳಿದೆರಡು ತುಂಬುತ್ತವೆ. ಬಳಸಿದ ನೀರನ್ನು ಕಂಡಲ್ಲಿ ಚೆಲ್ಲುವಂತಿಲ್ಲ. ಅದಕ್ಕೆಂದೇ ಇರುವ ಜಾಗಕ್ಕೆ ಒಯ್ದು ಬಿಡಬೇಕು. ಮನೆಯಲ್ಲಿ ನಲ್ಲಿ ತೆರೆದಿಟ್ಟು ಹಲ್ಲುಜ್ಜುವ ಹುಡುಗನೂ ಎರಡೇ ದಿನದಲ್ಲಿ ನೀರಿನ ಲೆಕ್ಕ ಕಲಿಯುತ್ತಾನೆ. ಸೌದೆಗೂ ನಿಯಮವುಂಟು. ಮರ ಕೊರೆಯುವ ಕೀಟಗಳು ಹರಡದಿರಲೆಂದು, ಒಪ್ಪಿಗೆ ಪಡೆದ ಸೌದೆಯನ್ನು ಮಾತ್ರ ಉರಿಸಬೇಕು.

ಸನ್ನೆಗೋಲಿನ ಮೇಲೆ ಕೈ

ಇಷ್ಟೊಂದು ಕಟ್ಟುಪಾಡು ಏಕೆ? ಉತ್ತರ ಸರೋವರದ ಚರಿತ್ರೆಯಲ್ಲಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಲ್ಲಿನ ಪೈನ್ ಕಾಡಿನ ಮೇಲೆ ಮರದ ವ್ಯಾಪಾರಿಗಳ ಕಣ್ಣು ಬಿದ್ದಿತ್ತು. ಅದನ್ನು ಉಳಿಸಲು ಜೇಕಬ್ ಬ್ರೋವರ್ ಎಂಬ ಸರ್ವೇಯರ್ ಹೋರಾಡಿದರು. 1891ರಲ್ಲಿ ಉದ್ಯಾನದ ಮಸೂದೆ ಶಾಸನಸಭೆಯಲ್ಲಿ ಗೆದ್ದದ್ದು ಒಂದೇ ಒಂದು ಮತದ ಅಂತರದಿಂದ!

ಆದರೂ ಅಪಾಯ ತಪ್ಪಲಿಲ್ಲ. ಕಡಿದ ದಿಮ್ಮಿಗಳನ್ನು ನದಿಯಲ್ಲಿ ತೇಲಿಬಿಡಲು ಒಂದು ಕಂಪೆನಿ ಒಡ್ಡು ಕಟ್ಟಿ ನೀರಿನ ಮಟ್ಟ ಏರಿಸಿತು. ದಂಡೆಯ ಮರಗಳಿಗೆ ಕುತ್ತು ಬಂತು. 1903ರಲ್ಲಿ ಉದ್ಯಾನದ ಅಧಿಕಾರಿಯಾಗಿದ್ದ ತಂದೆ ತೀರಿಕೊಂಡಾಗ ಆ ಹೊಣೆ ಹೊತ್ತವಳು ಮೇರಿ ಗಿಬ್ಸ್, ಇಪ್ಪತ್ತರ ಹರೆಯದ ತರುಣಿ. ಒಡ್ಡಿನ ಬಾಗಿಲು ತೆರೆಯಿರೆಂದು ಆಕೆ ಆಜ್ಞಾಪಿಸಿದಳು. ಬಂದೂಕು ತೋರಿಸಿ ಬೆದರಿಸಿದರೂ ಹಿಂಜರಿಯದೆ ಸನ್ನೆಗೋಲಿನ ಮೇಲೆ ಕೈಯಿಟ್ಟಳು. ಆಕೆ ಆ ಹುದ್ದೆಯಲ್ಲಿದ್ದುದು ಕೆಲವೇ ತಿಂಗಳು. ಮರ ಕಡಿಯುವುದು ಕೂಡಲೇ ನಿಲ್ಲಲೂ ಇಲ್ಲ. ಆದರೆ ಉದ್ಯಾನ ಉಳಿಯಿತು. ಇನ್ನೂರೈವತ್ತು ವರ್ಷ ದಾಟಿದ ಪೈನ್ ಮರಗಳು ಇಂದಿಗೂ ಅಲ್ಲಿವೆ. ನದಿಮೂಲದ ಬಳಿಯ ಸಂದರ್ಶಕರ ಕೇಂದ್ರಕ್ಕೆ ಮೇರಿಯ ಹೆಸರನ್ನೇ ಇಡಲಾಗಿದೆ.

ಉತ್ತರಕ್ಕೆ ಹರಿವ ನದಿ

ದಕ್ಷಿಣದ ಸಮುದ್ರ ಸೇರಬೇಕಾದ ಮಿಸಿಸಿಪ್ಪಿ ಇಲ್ಲಿಂದ ಮೊದಲು ಉತ್ತರಕ್ಕೆ ಹರಿಯುತ್ತದೆ ಎಂಬುದು ಸೋಜಿಗ. ಕ್ಯಾರವಾನ್ ಕೂಡ ಅದೇ ದಿಕ್ಕಿಗೆ ಹೊರಟರೆ ಬೆಮಿಜಿ ತಲುಪುತ್ತದೆ. ಸುಮಾರು 15 ಸಾವಿರ ಜನರ ಈ ಊರು ನದಿ ದಂಡೆಯ ಮೊದಲ ಪಟ್ಟಣ. ಒಂದು ಕಡೆಯಿಂದ ಸರೋವರ ಹೊಕ್ಕ ನದಿ ಇನ್ನೊಂದು ಕಡೆಯಿಂದ ಹೊರಬೀಳುತ್ತದೆ. ಊರಿನ ಹೆಸರು ಅದನ್ನೇ ಸೂಚಿಸುವ ಒಜಿಬ್ವೆ ಪದದಿಂದ ಬಂದದ್ದು. ಅಲ್ಲಿನ ಮೂಲನಿವಾಸಿಗಳ ಈ ಭಾಷೆ ಅಂಗಡಿಗಳ ಫಲಕಗಳಲ್ಲೂ ಕಾಣುತ್ತದೆ. ‘ಬೂಜೂ’ ಎಂದರೆ ನಮಸ್ಕಾರ, ‘ಮೀಗ್ವೆಚ್’ ಎಂದರೆ ಧನ್ಯವಾದ. ಸರೋವರದ ದಂಡೆಯಲ್ಲಿ 1937ರಲ್ಲಿ ನಿಲ್ಲಿಸಿದ 18 ಅಡಿ ಎತ್ತರದ ಪಾಲ್ ಬನ್ಯನ್ ಪ್ರತಿಮೆಯಿದೆ. ಅವನು ಜನಪದ ಕಥೆಗಳ ಮರ ಕಡಿಯುವ ವೀರ! ಕಡಿದವನ ಕಥೆ ಇಲ್ಲಿ, ಕಾದವಳ ಕಥೆ ಅಲ್ಲಿ. ಮಕ್ಕಳು ಎರಡನ್ನೂ ಕೇಳಿ ಮನೆಗೆ ಮರಳುತ್ತಾರೆ.

ಇಟಾಸ್ಕದಿಂದ ಹೊರಟ ನೀರಿನ ಹನಿ ಕಡಲು ಮುಟ್ಟಲು ಸುಮಾರು 90 ದಿನ ಬೇಕಂತೆ. ಜೂನ್ ತಿಂಗಳಲ್ಲಿ ಮಗುವಿನ ಕಾಲಿಗೆ ತಾಗಿದ ನೀರು ಮೆಕ್ಸಿಕೊ ಕೊಲ್ಲಿಯನ್ನು ಸೇರುವ ಹೊತ್ತಿಗೆ ಅಲ್ಲಿ ಶಾಲೆ ಮತ್ತೆ ತೆರೆದಿರುತ್ತದೆ. ಭೂಗೋಳದ ಪುಸ್ತಕದಲ್ಲಿ ಮಿಸಿಸಿಪ್ಪಿಯ ಪಾಠ ಬಂದಾಗ, ಅದು ಆ ಮಗುವಿಗೆ ಬರಿಯ ನೀಲಿ ಗೆರೆಯಾಗಿ ಉಳಿದಿರುವುದಿಲ್ಲ.